ಕರೆಂಟು ಕೊಡಿಸುವ ಮುನ್ನ

ಏಮ್ಸ್ ಹತ್ತಿರವಿರುವುದರಿಂದ ಹೌಜ್ ಖಾಸ್‌ನ ನಮ್ಮಂಥವರ ಮನೆಗಳಿಗೆ ಊರಿನ ರೋಗಿಗಳು ಬಂದಿಳಿಯುವುದು ಹೊಸದಲ್ಲ. ಹೊಟ್ಟೆಯ ಕಾಯಿಲೆಯಾದರೆ ನಾಲ್ಕು ಜನರಿಗೆ ಹೇಳುತ್ತೇವೆ. ಮನಸ್ಸಿನದಾದರೆ ಬಾಗಿಲು ಹಾಕಿಕೊಂಡು ಮಾತಾಡುತ್ತೇವೆ. ಅದರಲ್ಲೂ ‘ಕರೆಂಟು ಕೊಡಬೇಕಂತೆ’ ಎಂದರೆ ಕೇಳುವುದೇ ಬೇಡ.

ಐದಾರು ವರ್ಷಗಳ ಹಿಂದೆ ಹಾಸನದ ಕಡೆಯ ವೃದ್ಧೆಯೊಬ್ಬರ ಜೊತೆ ದುಭಾಷಿಯಾಗಿ ನಾವು ಇಲ್ಲಿನ ಒಂದು ಆಸ್ಪತ್ರೆಗೆ ಹೋಗಿದ್ದೆವು. ಖಿನ್ನತೆಯಿಂದ ಅನ್ನ ನೀರು ಬಿಟ್ಟಿದ್ದರು. ವೈದ್ಯರು ಮಗನಿಗೆ ಹಿಂದಿಯಲ್ಲಿ ವಿವರಿಸಿದರು. ಆತ ಇಂಗ್ಲಿಷ್ ಫಾರಂಗೆ ಸಹಿ ಹಾಕಿದ. ಆಕೆಗೆ ಕನ್ನಡದಲ್ಲಿ ಸಿಕ್ಕ ಮಾತು ಒಂದೇ: “ಏನೂ ಆಗೋಲ್ಲ ದೊಡ್ಡಮ್ಮ, ಒಂದು ಇಂಜೆಕ್ಷನ್ ಅಷ್ಟೆ.” ಅದನ್ನು ಹೇಳಿದವರು ನಾವೇ.

ಚಿಕಿತ್ಸೆ ಫಲಿಸಿತು. ಮೂರನೆಯ ವಾರ ಮೊಸರನ್ನ ಕೇಳಿ ಉಂಡರು. ಆದರೆ ಮೊಮ್ಮಗಳ ಮದುವೆ ಯಾವಾಗ ಎಂದೂ ಕೇಳಿದರು. ಆ ಮದುವೆಯಲ್ಲಿ ಅಕ್ಷತೆ ಹಾಕಿ ಎರಡು ತಿಂಗಳಾಗಿತ್ತು. ವಿಷಯ ತಿಳಿದ ಮೇಲೆ, “ನೀನಾದರೂ ಹೇಳಬಹುದಿತ್ತಲ್ಲಪ್ಪ” ಎಂದರು.

1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಆರಂಭಿಸಿದ ಈ ಚಿಕಿತ್ಸೆ ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಉಂಟು. ಮಿದುಳಿಗೆ ಅಲ್ಪಕಾಲ ವಿದ್ಯುತ್ ಹಾಯಿಸಿ ಫಿಟ್ಸ್ ಬರಿಸುತ್ತಾರೆ. ಹಿಂದೆ ಎಚ್ಚರವಿದ್ದಂತೆಯೇ ಕೊಟ್ಟು ಮೂಳೆ ಮುರಿದದ್ದೂ ಇದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಯಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಮಾತ್ರೆಗಳಿಗೆ ವಾರಗಟ್ಟಲೆ ಹಿಡಿಯುವಾಗ, ಉಪವಾಸದಿಂದ ಸಾಯುತ್ತಿರುವವರನ್ನು ಇದು ಬೇಗ ಉಳಿಸಬಲ್ಲದು. ಹಾಗಾಗಿ ‘ಕ್ರೌರ್ಯ’ ಎಂದು ಸಾರಾಸಗಟಾಗಿ ತಳ್ಳಿಹಾಕುವವರ ಜೊತೆ ನಾವಿಲ್ಲ. ಮರೆವಿನ ಮಾತನ್ನು ಹಗುರವಾಗಿ ತೇಲಿಸುವವರ ಜೊತೆಗೂ ಇಲ್ಲ. ಚಿಕಿತ್ಸೆಯ ಆಸುಪಾಸಿನ ದಿನಗಳು ಅಳಿಸಿಹೋಗುವುದು ಸಾಮಾನ್ಯ. ಕೆಲವರಿಗೆ ಅವು ಮರಳುವುದೇ ಇಲ್ಲ.

ಕೇಳಿದ್ದರೆ ಆಕೆ ಬೇಡವೆನ್ನುತ್ತಿದ್ದರು, ಸತ್ತೇಹೋಗುತ್ತಿದ್ದರು ಎಂದು ಮಗನ ವಾದ. ಇದ್ದೀತು. ನಿರ್ಧರಿಸುವ ಶಕ್ತಿಯೇ ಕುಂದಿದಾಗ ಮನೆಯವರು ಒಪ್ಪಿಗೆ ಕೊಡುವುದನ್ನು ಕಾನೂನೂ ಮಾನ್ಯ ಮಾಡುತ್ತದೆ. ಆದರೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಆಗ ಆಗದಿದ್ದರೆ ಚೇತರಿಸಿಕೊಂಡ ಕೂಡಲೇ ತಿಳಿಸಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ. ಉಳಿಸಲು ಸಹಿ ಬೇಕಿತ್ತು, ಸರಿ. ಸುಳ್ಳು ಬೇಕಿತ್ತೇ? ಆ ವಾರ್ಡಿನಲ್ಲಿ ಆಕೆಗೆ ತಿಳಿಯುವ ಭಾಷೆ ಆಡಬಲ್ಲವರು ಮಗನನ್ನು ಬಿಟ್ಟರೆ ನಾವೊಬ್ಬರೇ.

ಮುಂದೆಂದಾದರೂ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಸ್ವಸ್ಥರಾಗಿರುವಾಗಲೇ ಬರೆದಿಡಲು ಆ ಕಾಯಿದೆಯಲ್ಲಿ ಅವಕಾಶವಿದೆ. ಮೊನ್ನೆ ಫೋನಿನಲ್ಲಿ ದೊಡ್ಡಮ್ಮನಿಗೆ ಅದನ್ನು ವಿವರಿಸಿದೆವು, ಮರೆವಿನ ವಿಷಯವನ್ನೂ ಸೇರಿಸಿ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.