ಮಾಳಿಗೆಯ ಮಣ್ಣೂ ಮನೆಯವನ ಹೊಣೆಯೂ

ತಳಕಿನ ಸುತ್ತಣ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದೇನಂದರೆ, “ಭೂಮಿಯು ಅಲುಗುವದು ದೇವರ ಕೈಯಲ್ಲಿರುವಾಗ ಅದಕ್ಕಾಗಿ ಮನೆಯನ್ನು ಭದ್ರಪಡಿಸುವದು ಅಪನಂಬಿಕೆಯಲ್ಲವೋ?” ಈ ಪ್ರಶ್ನೆಯು ಹಗುರವಾದದ್ದಲ್ಲ. ಇಂಥ ಅಪಾಯವು ನಮ್ಮ ಸೀಮೆಗೆ ಬಾರದೆಂಬ ಮಾತೂ ಅದರೊಳಗೆ ಅಡಗಿತ್ತು.

ಕಿಲ್ಲಾರಿಯ ವಿಷಯದಲ್ಲಿಯೂ ನಕ್ಷೆ ಬರೆದವರು ಹೆಚ್ಚುಕಡಿಮೆ ಹಾಗೆಯೇ ಎಣಿಸಿದ್ದರು. ಬೀದರ, ಕಲಬುರಗಿ ಸೀಮೆಗಳ ಗಡಿಯಾಚೆ ಲಾತೂರು ಜಿಲ್ಲೆಯಲ್ಲಿರುವ ಆ ಊರು ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಲ್ಪಟ್ಟಿತ್ತು. 1993ನೇ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಜನರು ಗಣಪತಿ ವಿಸರ್ಜನೆ ಮುಗಿಸಿ ದಣಿದು ಮಲಗಿದ್ದಾಗ, ಭೂಮಿಯು ನಡುಗಿತು. ಅಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 7,000ಕ್ಕೆ ಮೇಲ್ಪಟ್ಟು ಜನರು ಸತ್ತರು. ಅವರನ್ನು ಕೊಂದದ್ದು ಬಹುಮಟ್ಟಿಗೆ ಭೂಮಿಯಲ್ಲ, ಗೋಡೆ. ನಮ್ಮ ಮಾಳಿಗೆ ಮನೆಗಳಂತೆಯೇ ಕೆಸರುಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ; ಮೇಲೆ ಮೊಳದಷ್ಟು ಮಣ್ಣು. ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಕೂಡಿಸಿ ಹಿಡಿಯುವ ಅಡ್ಡಗಲ್ಲುಗಳು ಇಲ್ಲದ್ದರಿಂದ ಅವೆರಡೂ ಬೇರೆಬೇರೆಯಾಗಿ ಬಿರಿದು, ಮಲಗಿದ್ದವರ ಮೇಲೆ ಕುಸಿದವು. ಮರದ ಕಂಬಗಳು ಮಾಳಿಗೆಯನ್ನು ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ ತೊಲೆಗಳು ನಿಂತೇ ಇದ್ದವು.

ಸತ್ತವರು ಮಿಕ್ಕವರಿಗಿಂತ ಪಾಪಿಷ್ಠರೋ? ಸಿಲೊವಾಮಿನ ಬುರುಜಿನ ಸಂಗತಿಯನ್ನು ಬಲ್ಲವರು ಹಾಗೆನ್ನಲಾರರು. ಮೋಶೆಯ ಧರ್ಮಶಾಸ್ತ್ರವಾದರೋ, ಮಾಳಿಗೆಗೆ ಸುತ್ತುಗೋಡೆ ಹಾಕದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವನ್ನು ಮನೆಯವನ ಮೇಲೆಯೇ ಹೊರಿಸುತ್ತದೆ. ಸುತ್ತುಗೋಡೆ ಕಟ್ಟುವದು ಅಪನಂಬಿಕೆಯೆನ್ನುವವರಾರು?

ಗೋಡೆಯೊಳಗಿನ ಅಡ್ಡಗಲ್ಲು ಯಾರ ಕಣ್ಣಿಗೂ ಬೀಳುವದಿಲ್ಲ. ಉದ್ದ ಕಲ್ಲನ್ನು ಹುಡುಕಿ ತರುವದು ದುಬಾರಿ. ಮೊಳ ಮೊಳಕ್ಕೂ ನಾವು ಕೂಲಿಯನ್ನು ಚೌಕಾಸಿ ಮಾಡಿದರೆ ಕಟ್ಟುವವನು ಮೊದಲು ಬಿಡುವದು ಅದನ್ನೇ. ಬಾಗಿಲಿಗೆ ಬಣ್ಣ ಬೇಕೆನ್ನುವ ನಾವು ಆಮೇಲೆ ಅವನನ್ನು ದೂರುವದು ನ್ಯಾಯವೋ? ನಾವೂ ತಪ್ಪಿಗೆ ಹೊರತಲ್ಲ. ವರುಷ ವರುಷವೂ ಮಳೆಗಾಲಕ್ಕೆ ಮುಂಚೆ, ಸೋರದಿರಲೆಂದು, ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹೊರಿಸುತ್ತಾ ಬಂದೆವು. ಅದರ ಕೆಳಗೆ ನಮ್ಮ ಮುದಿ ತಾಯಿಯು ಮಲಗುತ್ತಿದ್ದಳು.

ಲಾತೂರಿನಲ್ಲಿ ಆಮೇಲೆ ಕಲಿಸಲ್ಪಟ್ಟ ಉಪಾಯಗಳು ಬಡವರಿಗೂ ಎಟಕುವಂಥವು: ಹೆಚ್ಚಿನ ಮಣ್ಣನ್ನು ಇಳಿಸಿ ಗೇಣಿನಷ್ಟನ್ನು ಮಾತ್ರ ಉಳಿಸಿ, ಸೋರದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಹಾಸುವದು, ಬಲ್ಲವರನ್ನು ಕರೆದು ಗೋಡೆಯಲ್ಲಿ ಅಲ್ಲಲ್ಲಿ ತೂತು ತೆಗೆಯಿಸಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿಸುವದು, ಕಂಬವನ್ನು ತೊಲೆಗೆ ಬಿಗಿಯುವದು. ಹೊಸ ಮನೆಗಾದರೆ ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕು ಗೋಡೆಗಳನ್ನೂ ಸುತ್ತುವ ಕಾಂಕ್ರೀಟಿನ ಪಟ್ಟಿ ಬೇಕು. ಮಣ್ಣಿಳಿಸುವದಕ್ಕೆ ಸಲಿಕೆಯೂ ಎರಡು ದಿನದ ದುಡಿಮೆಯೂ ಸಾಕು.

ಹಿರಿಯರು ಇದನ್ನೆಲ್ಲಾ ಕೇಳಿ ಸುಮ್ಮನೆ ಮೇಲಣ ತೊಲೆಯನ್ನು ನೋಡಿದರು. ಮರುದಿನ ಅವರೂ ನಾವೂ ಮಾಳಿಗೆ ಹತ್ತಿ ಕೋಲಿನಿಂದ ಅಳೆದೆವು. ಒಂದು ಮೊಳಕ್ಕೆ ಮೇಲಿತ್ತು.