ಮಂತ್ರಕ್ಕಿಂತ ಮೊದಲಿನ ಸನ್ನಿಧಾನ

ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಕಿಲ್ಲ. ಮಾಧ್ವರ ಮನೆಯಲ್ಲಿ ಹುಟ್ಟಿದವರಿಗೆ ಇದು ಹೊಸ ಮಾತಲ್ಲ. ಶಿಲ್ಪಿ ಕೆತ್ತಿದ ವಿಗ್ರಹಕ್ಕೆ ಮಂತ್ರದಿಂದ ದೇವರನ್ನು ಕರೆತರಬೇಕು. ಗಂಡಕಿ ನದಿಯ ಕಪ್ಪು ಕಲ್ಲಾದ ಸಾಲಿಗ್ರಾಮದಲ್ಲಿ ಅವನು ತಾನಾಗಿಯೇ ಇದ್ದಾನೆ. ಧಾರವಾಡದ ನಮ್ಮ ಮನೆಯಲ್ಲಿ ಅಪ್ಪ ದಿನಾ ಮಡಿಯುಟ್ಟು, ಸಾಲಿಗ್ರಾಮಗಳನ್ನಿಡುವ ಸಂಪುಷ್ಟ ತೆಗೆದು, ಅಭಿಷೇಕ ಮಾಡಿ, ತುಳಸಿ ಏರಿಸಿ, ನಮಗೆಲ್ಲ ತೀರ್ಥ ಕೊಡುತ್ತಿದ್ದರು. ಹೆಂಗಸರು ಮುಟ್ಟುವ ಹಾಗಿರಲಿಲ್ಲ. ಅಜ್ಜಿ, ಅವ್ವ, ನಾನು ಹೊಸ್ತಿಲ ಈಚೆಯಿಂದಲೇ ನೋಡಿದವರು. ಲಕ್ಷ್ಮೀನರಸಿಂಹ ಸಾಲಿಗ್ರಾಮದ ಬಾಯೊಳಗಿನ ಚಕ್ರ ನಮಗೆ ಕಾಣಬೇಕಾದರೆ ಅಪ್ಪ ಅದನ್ನು ದೀಪದ ಕಡೆ ತಿರುಗಿಸಿ ಹಿಡಿಯಬೇಕಿತ್ತು.

ಅಂಥದೇ ಸುರುಳಿಯನ್ನು ನಾನು ಅಂಗೈಯಲ್ಲಿ ಹಿಡಿದದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ವಯಸ್ಕರ ಭೂವಿಜ್ಞಾನದ ಸಂಜೆ ತರಗತಿಯೊಂದರಲ್ಲಿ. ದುಡಿದು ಬಂದವರಿಗೆ ಸಂಜೆ ಪಾಠ ಹೇಳುವ ರೂಢಿ ಈ ದೇಶದಲ್ಲಿ ಹಳೆಯದು; ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್ ಶುರುವಾದದ್ದೇ 1903ರಲ್ಲಿ. ಪರೀಕ್ಷೆಯಿಲ್ಲ, ಪದವಿಯಿಲ್ಲ, ತಿಳಿಯುವ ಆಸೆಯೊಂದಿದ್ದರೆ ಸಾಕು. ನನ್ನ ಪಕ್ಕ ನಿವೃತ್ತ ನರ್ಸ್ ಒಬ್ಬರು, ಹಿಂದೆ ಬಸ್ ಓಡಿಸುತ್ತಿದ್ದವರೊಬ್ಬರು. ಮೇಷ್ಟ್ರು ವಿಟ್ಬಿ ಕಡಲತಡಿಯ ಅಮೊನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆಯೊಂದನ್ನು ಮೊದಲ ಸಾಲಿಗೆ ಕೊಟ್ಟರು. ಅದು ಕೈಯಿಂದ ಕೈಗೆ ದಾಟಿ ನನ್ನಲ್ಲಿಗೆ ಬಂತು. ಸುಮಾರು 18 ಕೋಟಿ ವರ್ಷ ಹಳೆಯದು. ಬೆರಳಿಗೆ ಏಣುಗಳು ಒಂದೊಂದಾಗಿ ಸಿಗುತ್ತಿದ್ದವು. ಮುಂದಿನವರಿಗೆ ದಾಟಿಸಲು ನನಗೆ ಮನಸ್ಸೇ ಬರಲಿಲ್ಲ.

ಆ ಪ್ರಾಣಿಯ ಬದುಕನ್ನು ಮೇಷ್ಟ್ರು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಜೀವಿಯ ನಂಟ ಅದು. ಬೆಳೆದಂತೆಲ್ಲ ಹಿಂದಿನ ಕೋಣೆಗೆ ಗೋಡೆ ಕಟ್ಟಿ, ತಾನು ಮುಂದಿನ ಹೊಸ ಕೋಣೆಗೆ ಬರುತ್ತದೆ. ವಾಸ ಯಾವಾಗಲೂ ಕೊನೆಯ ಕೋಣೆಯಲ್ಲಿ. ಬಿಟ್ಟು ಬಂದ ಕೋಣೆಗಳಲ್ಲೆಲ್ಲ ಅನಿಲ ತುಂಬಿ, ಅದರ ಬಲದಿಂದ ತೇಲುತ್ತದೆ. ಸಣ್ಣ ನಳಿಕೆಯೊಂದು ಆ ಕೋಣೆಗಳನ್ನೆಲ್ಲ ಹಾದು ಹೋಗುತ್ತದೆ. ಸತ್ತ ಮೇಲೆ ಆಮ್ಲಜನಕವಿಲ್ಲದ ಕೆಸರಿನ ತಳಕ್ಕೆ ಇಳಿಯುತ್ತದೆ, ಕೆಸರು ಗಟ್ಟಿಯಾಗಿ ಜೇಡಿಶಿಲೆಯಾಗುತ್ತದೆ. ಗಂಡಕಿಯ ಕಲ್ಲಿನ ಕತೆಯೂ ಹೆಚ್ಚುಕಡಿಮೆ ಇದೇ, ಕಾಲ ಸ್ವಲ್ಪ ಈಚಿನದು, ಕಡಲು ಟೆಥಿಸ್. ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿ ಆ ಕಡಲತಳವೇ ಹಿಮಾಲಯವಾಗಿ ಎದ್ದಿತು. ಆ ನದಿಯ ಮೇಲ್ಭಾಗದ ಮುಕ್ತಿನಾಥ ಕ್ಷೇತ್ರ ಈಗ 3,700 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿನ ಶಿಲೆಯಿಂದ ಕಳಚಿದ ಗುಂಡುಗಳನ್ನು ಕಾಳಿಗಂಡಕಿ ಉರುಳಿಸಿ ತರುತ್ತದೆ. ಚಕ್ರವೆಂದು ನಾವು ಕೈಮುಗಿಯುವುದು ಚಿಪ್ಪಿನ ಏಣುಗಳ ಅಚ್ಚು.

ಹಾಗಾದರೆ ಸನ್ನಿಧಾನ ಎಲ್ಲಿಗೆ ಹೋಯಿತು? ತರಗತಿಯಿಂದ ನಾನು ಹೊತ್ತುಕೊಂಡು ಬಂದ ಪ್ರಶ್ನೆ ಇದು. ನಮ್ಮ ಕಡೆ ಕೆಲವರು ಇಂಥ ಪ್ರಶ್ನೆಗೆ ಪುರಾಣದ ಕಾಲಮಾನವಾದ ಕಲ್ಪದ 432 ಕೋಟಿ ವರ್ಷವನ್ನು ತಂದು, ಭೂಮಿಯ ವಯಸ್ಸು ಹಿರಿಯರಿಗೆ ಮೊದಲೇ ತಿಳಿದಿತ್ತು ಎನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ. ಯುಗಗಳನ್ನು ಗುಣಿಸಿ ಬಂದ ಸಂಖ್ಯೆ ಅದು. 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳಲ್ಲಿನ ಸೀಸವನ್ನು ಅಳೆದು ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದದ್ದು ಬೇರೆಯೇ ದುಡಿಮೆ. ಒಂದರ ಗೌರವವನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡಕ್ಕೂ ಅನ್ಯಾಯ.

ಆದರೆ ಹಳೆಯ ಕತೆಗಳನ್ನು ತಳ್ಳಿಹಾಕಲಾರೆ. ವಿಟ್ಬಿಯಲ್ಲಿ ಏಳನೆಯ ಶತಮಾನದಲ್ಲಿ ಮಠ ನಡೆಸಿದ ಸಂತ ಹಿಲ್ಡಾ ಅಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳು ಎಂದು ಆ ಊರು ಅಮೊನೈಟುಗಳನ್ನು ಹಾವುಕಲ್ಲು ಎನ್ನುತ್ತಿತ್ತು. ಕುಶಲಕರ್ಮಿಗಳು ಅವಕ್ಕೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದರು. ಹಿಲ್ಡೊಸೆರಾಸ್ ಎಂಬ ಕುಲಕ್ಕೆ ವಿಜ್ಞಾನಿಗಳೂ ಅವಳ ಹೆಸರನ್ನೇ ಇಟ್ಟರು. ನಮ್ಮಲ್ಲಿ ತುಳಸಿ ವಿಷ್ಣುವಿಗೆ ಕಲ್ಲಾಗೆಂದು ಶಾಪ ಕೊಟ್ಟಳು. ವಜ್ರಕೀಟವೆಂಬ ಹುಳು ಕಲ್ಲು ಕೊರೆದು ಚಕ್ರ ಮಾಡಿತು. ಎರಡು ಊರಿನವರೂ ಇದು ಬರೀ ಕಲ್ಲಲ್ಲ, ಇದರಲ್ಲಿ ಜೀವವೊಂದು ಆಡಿಹೋಗಿದೆ ಎಂದು ಕಂಡುಕೊಂಡಿದ್ದರು. ನೋಟ ಸರಿಯಿತ್ತು.

ಆ ನೋಟಕ್ಕೆ ಕ್ರಮ ತಂದವನು ವಿಲಿಯಂ ಸ್ಮಿತ್. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ ಕಾಲುವೆಗಳ ಮೋಜಣಿ ಮಾಡುತ್ತಿದ್ದವನು, ಪ್ರತಿ ಪದರಕ್ಕೂ ಅದರದೇ ಪಳೆಯುಳಿಕೆಗಳಿವೆ ಎಂದು ಕಂಡು 1815ರಲ್ಲಿ ದೊಡ್ಡ ಭೂನಕ್ಷೆ ಹೊರತಂದ. ಸ್ಕಾರ್ಬರೋದಲ್ಲಿ ಅವನ ಸಲಹೆಯಂತೆ 1829ರಲ್ಲಿ ಕಟ್ಟಿದ ರೊಟುಂಡಾ ಎಂಬ ದುಂಡು ವಸ್ತುಸಂಗ್ರಹಾಲಯಕ್ಕೆ ತರಗತಿಯವರೆಲ್ಲ ಹೋಗಿದ್ದೆವು. ಪದರದ ಕ್ರಮದಲ್ಲೇ ಪಳೆಯುಳಿಕೆಗಳನ್ನು ಗೋಡೆಯ ಸುತ್ತ ಜೋಡಿಸಬೇಕೆಂದು ಅವನು ಯೋಚಿಸಿದ ಕಟ್ಟಡ. ಮನುಷ್ಯನ ಕಾಲವೆಷ್ಟು ಚಿಕ್ಕದೆಂದು ನನ್ನ ಮೈಗೆ ತಟ್ಟಿದ್ದು ಅಲ್ಲಿ.

ಅಂದು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ವಿಚಲಿತರಾಗಲಿಲ್ಲ. "ಕಲ್ಲು ದೇವರಂತ ಯಾರು ಹೇಳ್ಯಾರ ಮಗಳ? ಕಲ್ಲಿನ್ಯಾಗ ದೇವರಿದ್ದಾನ," ಎಂದರು. ಪ್ರತೀಕವೇ ಬ್ರಹ್ಮವಲ್ಲ ಎಂದು ಬ್ರಹ್ಮಸೂತ್ರವೇ ಹೇಳುತ್ತದೆ. ಜಡ ಬೇರೆ, ಜೀವ ಬೇರೆ, ಈಶ್ವರ ಬೇರೆ ಎನ್ನುವುದು ಮಧ್ವಾಚಾರ್ಯರ ಪಂಚಭೇದದ ಬುಡ. ಆಮೇಲೆ ಅಪ್ಪನೇ ಕೇಳಿದರು: "ಹಂಗಾದ್ರ ಅದರಾಗ ಇದ್ದ ಪ್ರಾಣೀನೂ ಒಂದು ಜೀವನೇ ಅಲ್ಲೇನು?"

ಆ ಪ್ರಶ್ನೆಯಿಂದ ನನ್ನ ಪ್ರಶ್ನೆ ತಿರುಗಿ ನಿಂತಿತು. ಕೋಣೆ ಕೋಣೆ ಕಟ್ಟಿದ ಜೀವ ತನ್ನ ಗತಿಗೆ ಹೋಯಿತು, ಜಡವಾದ ಚಿಪ್ಪು ಉಳಿಯಿತು, ಅಂತರ್ಯಾಮಿ ಎರಡರಲ್ಲೂ ಇದ್ದ. ತುಳಸಿ ಏರಿಸಲು ಒಂದು ಕೈಯೂ ಇಲ್ಲದ, ತೀರ್ಥ ಕುಡಿಯಲು ಒಂದು ಬಾಯಿಯೂ ಇಲ್ಲದ ಕೋಟ್ಯಂತರ ವರ್ಷ ಇದ್ದ. ಪ್ರತಿಷ್ಠೆ ಬೇಕಿಲ್ಲ ಎಂಬ ಮಾತಿಗೆ ಇಷ್ಟು ಆಳವಿದೆಯೆಂದು ಭೂವಿಜ್ಞಾನ ತಿಳಿಯುವ ತನಕ ನನಗೆ ಗೊತ್ತಿರಲಿಲ್ಲ. ನಮ್ಮ ಪೂಜೆಯಿಂದ ಅಲ್ಲಿ ಏನೂ ಹೊಸದಾಗಿ ಬಂದು ಸೇರುವುದಿಲ್ಲ. ಇದ್ದುದರ ಎದುರು ನಾವು ತಡವಾಗಿ ಬಂದು ನಿಂತಿದ್ದೇವೆ.

ಹಾಗಾದರೆ ವಿಟ್ಬಿಯ ಕಲ್ಲಿಗೇಕೆ ತುಳಸಿಯಿಲ್ಲ? ಆ ಕಡಲೂ ದಕ್ಷಿಣದಲ್ಲಿ ಟೆಥಿಸ್‌ಗೆ ಕೂಡಿಕೊಂಡದ್ದೇ. ಅಪ್ಪನ ಉತ್ತರ: "ಎಲ್ಲಾ ಕಡೆ ಇದ್ದಾನ. ಆದ್ರ ಎಲ್ಲಿ ಪೂಜಾ ಮಾಡಬೇಕು ಅನ್ನೋದನ್ನ ಶಾಸ್ತ್ರ ಹೇಳ್ತದ." ಇದನ್ನು ಒಪ್ಪಬಲ್ಲೆ. ಉಪಾಸನೆಗೆ ಒಂದು ನೆಲೆ ಬೇಕು, ಪರಂಪರೆ ಗಂಡಕಿಯನ್ನು ಆರಿಸಿಕೊಂಡಿತು. ನನ್ನ ಕಪಾಟಿನಲ್ಲೂ ವಿಟ್ಬಿಯ ಕಲ್ಲೊಂದಿದೆ; ಅದಕ್ಕೆ ನಾನು ಪೂಜೆ ಮಾಡುವುದಿಲ್ಲ, ಆದರೆ ಅದನ್ನು ಬರೀ ಕಲ್ಲೆಂದೂ ಇಟ್ಟಿಲ್ಲ.

ಒಪ್ಪಲಾಗದ್ದು ಇನ್ನೊಂದು. ಮನುಷ್ಯರ ಮಂತ್ರದಿಂದ ಬರದ ಸನ್ನಿಧಾನ ಮಗಳ ಕೈ ತಾಗಿದರೆ ಹೇಗೆ ಕಡಿಮೆಯಾದೀತು? ಕೆಸರು, ಭೂಕಂಪ, ಹಿಮನದಿಗಳನ್ನೆಲ್ಲ ತಾಳಿಬಂದ ಕಲ್ಲು ಅದು. ಅಪ್ಪ ಇದಕ್ಕೆ ರೂಢಿಯ ಮಾತು ಹೇಳುತ್ತಾರೆಯೇ ಹೊರತು ಕಾರಣ ಹೇಳಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಸಂಪುಷ್ಟದ ಮುಂದೆಯೇ ಕೂತು ಕೇಳಬೇಕೆಂದಿದ್ದೇನೆ.