ಕರೆಂಟು ಹೋದ ಕಂತುಗಳು

ಧಾರಾವಾಹಿಗೂ ಒಂದು ಚರಿತ್ರೆ ಇದೆ ಎಂದರೆ ನಮ್ಮ ಕಡೆ ಮೊದಲು ನಗು ಬರುತ್ತದೆ. ನಾಟಕದ ಚರಿತ್ರೆ ಎಂದರೆ ಯಾರೂ ನಗುವುದಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಹುಟ್ಟಿದ್ದು, ಕೆ.ವಿ. ಸುಬ್ಬಣ್ಣ ಅಡಿಕೆ ತೋಟಗಳ ನಡುವಿನ ಆ ಹಳ್ಳಿಗೆ ಕುರೊಸಾವಾನ, ಸತ್ಯಜಿತ್ ರಾಯ್‌ರ ಸಿನಿಮಾಗಳನ್ನು ತಂದು ತೋರಿಸಿದ್ದು ಸಾಗರ ತಾಲೂಕಿನವರಿಗೆ ಮನೆಯ ಸುದ್ದಿಯಷ್ಟೇ ಪರಿಚಿತ. ಅಲ್ಲಿಯ ಶಿಬಿರ ಮುಗಿಸಿ ಬಂದ ಗಂಡಸರು ಜಗಲಿಯಲ್ಲಿ ಕೂತು ‘ರಾಶೊಮಾನ್’ ಬಗ್ಗೆ ವಾದ ಮಾಡುತ್ತಿದ್ದ ಕಾಲವೊಂದಿತ್ತು. ಒಂದೇ ಕೊಲೆ, ಹಲವು ಸಾಕ್ಷಿಗಳು, ಒಬ್ಬೊಬ್ಬರದು ಒಂದೊಂದು ಕಥೆ. ಅದೇ ಮನೆಯ ಒಳಕೋಣೆಯಲ್ಲಿ ಹೆಂಗಸರು ನಿನ್ನೆಯ ಕಂತಿನಲ್ಲಿ ನಿಜಕ್ಕೂ ಏನಾಯಿತು ಎಂದು ಮೂರು ಬಗೆಯಾಗಿ ಹೇಳಿಕೊಳ್ಳುತ್ತಿದ್ದರು. ಅದನ್ನು ಯಾರೂ ಚರ್ಚೆ ಎನ್ನಲಿಲ್ಲ. ಹರಟೆ ಎಂದರು.

ಆ ಹರಟೆಯೇ ಈಗ ನಮಗೆ ಉಳಿದಿರುವ ದಾಖಲೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಐವತ್ತು ದಾಟಿದ ನಾಲ್ಕು ಹೆಂಗಸರು ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಕೂತರೆಂದರೆ ಮಾತು ಯಾವಾಗಲೋ ಒಮ್ಮೆ ಹಳೆಯ ಧಾರಾವಾಹಿಗೆ ಬಂದೇ ಬರುತ್ತದೆ. ಒಬ್ಬರು ಎಳೆ ಹಿಡಿಯುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. “ಅದು ಮನ್ವಂತರದಲ್ಲಲ್ಲ ಮಾರಾಯ್ತಿ, ಮುಕ್ತದಲ್ಲಿ.” ಕರಿ ಕೋಟು ಹಾಕಿದ ಟಿ.ಎನ್. ಸೀತಾರಾಮ್ ಯಾವ ಕೋರ್ಟಿನಲ್ಲಿ, ಯಾರ ಪರವಾಗಿ, ಯಾವ ಧಾರಾವಾಹಿಯಲ್ಲಿ ವಾದ ಮಾಡಿದರು ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಬುಟ್ಟಿಯ ಬೀನ್ಸ್ ಖಾಲಿಯಾಗಿರುತ್ತದೆ. ಇಸವಿ ಕೇಳಿದರೆ ಯಾರಿಗೂ ಬಾರದು. ಆದರೆ “ಅಡಿಕೆಗೆ ಧಾರಣೆ ಬಂದ ವರ್ಷ”, “ತೋಟಕ್ಕೆ ಕೊಳೆ ಹೊಡೆದ ಮಳೆಗಾಲ”, “ನಮ್ಮ ಮಾಣಿ ಹೊಟ್ಟೆಯಲ್ಲಿದ್ದಾಗ” ಎಂದು ಅವರು ಹೇಳುವುದನ್ನು ಒಂದರ ಪಕ್ಕ ಒಂದಿಟ್ಟು ಲೆಕ್ಕ ಹಾಕಿದರೆ, ತಪ್ಪಿದರೂ ಆರು ತಿಂಗಳು ಆಚೀಚೆ ಅಷ್ಟೆ. ಶಾಸನ ಓದುವವರ ಕೆಲಸವೂ ಹೆಚ್ಚುಕಡಿಮೆ ಇದೇ ತಾನೆ? ರಾಜನ ಹೆಸರಿನಿಂದ, ಗ್ರಹಣದಿಂದ ಕಾಲ ನಿರ್ಣಯ ಮಾಡುತ್ತಾರೆ. ಇಲ್ಲಿ ರಾಜನ ಬದಲು ಅಡಿಕೆ.

ಈ ಮಾತುಗಳೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲುವುದು ‘ಮಾಯಾಮೃಗ’ದ ಬಳಿ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದದ್ದು, ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಸಂಜೆ ನಾಲ್ಕೂವರೆಗೆ ಪ್ರಸಾರ. ಟಿವಿಯವರ ಲೆಕ್ಕದಲ್ಲಿ ಅದು ಕೆಲಸಕ್ಕೆ ಬಾರದ ಹೊತ್ತು: ಗಂಡಸರು ಕಚೇರಿಯಲ್ಲಿ, ಮಕ್ಕಳು ಶಾಲೆಯಿಂದ ಬರುವ ದಾರಿಯಲ್ಲಿ. ಮಲೆನಾಡಿನ ಮನೆಯಲ್ಲಿ ಮಾತ್ರ ಅದು ಮಧ್ಯಾಹ್ನದ ಪಾತ್ರೆ ತೊಳೆದು ಮುಗಿದು ಕೊಟ್ಟಿಗೆ ಕೆಲಸ ಶುರುವಾಗುವ ನಡುವಿನ ಸಂದು. ದಿನದಲ್ಲಿ ಹೆಂಗಸರಿಗೆ ತಮ್ಮದೆನ್ನಲು ಇದ್ದ ಅರ್ಧ ಗಂಟೆ ಅದೊಂದೇ, ಅದರಲ್ಲಿ ಧಾರಾವಾಹಿ ಬಂದು ಕೂತಿತು. ಹಾಲು ಕರೆಯುವುದು ಸ್ವಲ್ಪ ತಡವಾಯಿತು, ಎಮ್ಮೆಗಳೂ ಹೊಂದಿಕೊಂಡವು. ದೂರದರ್ಶನ ‘ಶಾಂತಿ’ಯನ್ನು 1994ರಲ್ಲಿ ಮಧ್ಯಾಹ್ನದ ಹೊತ್ತಿಗೆ ತಂದಿತ್ತು, ಆದರೆ ಅದು ಹಿಂದಿ. ಮನೆಯ ಮಾತಿನಲ್ಲೇ, ಮನೆಯ ಕಷ್ಟಗಳನ್ನೇ ದಿನಾ ಕೇಳುವಂತಾದದ್ದು ಬೇರೆಯೇ ಅನುಭವ.

ಆ ಅಡಿಕೆ ಧಾರಣೆಯ ಮಾತು ಸುಮ್ಮನೆ ಬಂದದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಡಿಕೆಗೆ ಒಳ್ಳೆಯ ಬೆಲೆ ಇತ್ತು. ಗುಡ್ಡದ ಸಂದಿಯ ಒಂಟಿ ಮನೆಗಳಿಗೆ ಸಾಧಾರಣ ಆಂಟೆನಾ ಸಾಲದು, ಕೇಬಲ್ ಎಳೆಯುವವರಿಲ್ಲ. ಹಾಗಾಗಿ ಅನುಕೂಲವಿದ್ದವರು ಅಂಗಳದ ಮೂಲೆಯಲ್ಲಿ ಜಾಲರಿಯ ದೊಡ್ಡ ಡಿಶ್ ನಿಲ್ಲಿಸಿಕೊಂಡರು. ಪೇಟೆಯಿಂದ ಬಂದ ನೆಂಟರಿಗೆ ಅದು ವಿಚಿತ್ರ. ಹಂಚಿನ ಮನೆ, ಮಣ್ಣಿನ ಅಂಗಳ, ಪಕ್ಕದಲ್ಲಿ ಆಕಾಶಕ್ಕೆ ಬಾಯಿ ತೆರೆದ ಆ ಬಟ್ಟಲು. ಆಮೇಲೆ 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು, ಸಂಜೆಗಳು ತುಂಬಿಹೋದವು. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ ಭೈರಪ್ಪನವರ ‘ಗೃಹಭಂಗ’ವನ್ನು ಆ ವಾಹಿನಿಗೆ ಧಾರಾವಾಹಿ ಮಾಡಿದರು, ವೈಶಾಲಿ ಕಾಸರವಳ್ಳಿ ‘ಮೂಡಲ ಮನೆ’ ಮಾಡಿದರು. ಸುಗ್ಗಿಯ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವವರ ಕೈ ತಾನಾಗಿ ಆಡುತ್ತಿತ್ತು, ಕಣ್ಣು ‘ಗೃಹಭಂಗ’ದ ನಂಜಮ್ಮನ ಮೇಲೆ. ಸುಲಿಯಲು ಬಂದ ಆಳುಗಳೂ ಮನೆಯೊಡತಿಯೂ ಒಂದೇ ಹೊತ್ತಿಗೆ ಕಣ್ಣೊರೆಸಿಕೊಂಡದ್ದು ಬೇರೆ ಯಾವುದಕ್ಕೆ ಎಂದು ಯೋಚಿಸಿದರೆ ನನಗೆ ಹೆಚ್ಚು ಹೊಳೆಯುವುದಿಲ್ಲ.

ಇದರ ನಡುವೆ ಕರೆಂಟು ಹೋಗುತ್ತಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿಗೆ ಸಾಗರ, ಹೊಸನಗರದ ಎಷ್ಟೋ ಊರುಗಳು ಹೋದವು, ನಾಡಿಗೆ ಬೆಳಕು ಬಂತು. ಬೆಳಕು ಕೊಟ್ಟ ತಾಲೂಕುಗಳಲ್ಲೇ ಮಳೆಗಾಲ ಹಿಡಿಯಿತೆಂದರೆ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕತ್ತಲೆ. ಧಾರಾವಾಹಿ ನಿಂತು ಕಾಯುವುದಿಲ್ಲ. ರೆಕಾರ್ಡ್ ಮಾಡಿಟ್ಟು ನೋಡುವ ಅನುಕೂಲ ಬೆರಳೆಣಿಕೆಯ ಮನೆಗಳಿಗೆ. ಕರೆಂಟು ಬಂದ ಕೂಡಲೇ ತಂತಿ ಫೋನಿನಲ್ಲಿ ಪೇಟೆಯ ನಾದಿನಿಗೋ ಮೇಲಿನ ಕೇರಿಯ ಅತ್ತಿಗೆಗೋ ಒಂದು ಕರೆ. “ಎಂತ ಆಯ್ತೇ ನಿನ್ನೆ?” ಆ ಕಡೆಯವರು ಹೇಳುವಾಗ ತಮಗೆ ಬೇಕಾದ ಪಾತ್ರಕ್ಕೆ ಸ್ವಲ್ಪ ಹೆಚ್ಚು ನ್ಯಾಯ ಒದಗಿಸುತ್ತಿದ್ದರು, ಬೇಡವಾದವಳ ಬಾಯಿಗೆ ಇಲ್ಲದ ಮಾತನ್ನೂ ತುರುಕುತ್ತಿದ್ದರು. ಕೇಳಿಸಿಕೊಂಡವರು ಅದನ್ನೇ ನೆರೆಮನೆಗೆ ದಾಟಿಸುತ್ತಿದ್ದರು. ವರ್ಷಗಳು ಕಳೆದ ಮೇಲೆ ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂಬ ಗೆರೆ ಅಳಿಸಿಹೋಯಿತು.

ಗೆರೆ ಅಳಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ಅದೇ ಈ ಚರಿತ್ರೆಯ ತಿರುಳು ಎಂದು ನನಗನ್ನಿಸುತ್ತದೆ. ನಮ್ಮ ಹೆಂಗಸರು ಧಾರಾವಾಹಿಯನ್ನು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಟಿವಿ ಇರುವುದು ಜಗಲಿಯಲ್ಲಿ ಅಥವಾ ನಡುಮನೆಯಲ್ಲಿ, ಅವರು ಇರುವುದು ಅಡುಗೆ ಒಲೆಯ ಮುಂದೆ. ಗೋಡೆ ದಾಟಿ ಬರುವ ದನಿಯಿಂದಲೇ ಯಾರು ಬಂದರು, ಯಾರು ಸಿಟ್ಟಾದರು, ಬಾಗಿಲು ಹಾಕಿಕೊಂಡದ್ದು ಯಾರು ಎಂದು ತಿಳಿಯುತ್ತಿತ್ತು. ತುಂಬ ಮುಖ್ಯವಾದ ಮಾತು ಬಂದರೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುವುದು, ಒಗ್ಗರಣೆ ಸೀಯುವ ವಾಸನೆ ಬಂದರೆ ವಾಪಸು. ಹಾಗಾಗಿಯೇ ಇವತ್ತು ಕೇಳಿದರೆ ಅವರಿಗೆ ಸೀರೆಯ ಬಣ್ಣ ನೆನಪಿರುವುದಿಲ್ಲ, ಶೀರ್ಷಿಕೆ ಗೀತೆ ಇಡೀ ನೆನಪಿದೆ. ಸದಾನಂದ ಸುವರ್ಣರ ‘ಗುಡ್ಡದ ಭೂತ’ವನ್ನು ತೊಂಬತ್ತರ ದಶಕದ ಶುರುವಿನಲ್ಲಿ ನೋಡಿದವರಿಗೂ ಅಷ್ಟೆ. ಪ್ರಕಾಶ್ ರೈ ಆಗಿನ್ನೂ ಹೊಸಬರು, ಅವರ ಮುಖ ಮರೆತರೂ ಆ ಹಾಡಿನ ಡೆನ್ನಾನ ಕಿವಿಯಿಂದ ಹೋಗಿಲ್ಲ.

ಅಮೆರಿಕದಲ್ಲಿ ‘ಡಾರ್ಕ್ ಶ್ಯಾಡೋಸ್’ ಎಂಬ ಮಧ್ಯಾಹ್ನದ ಧಾರಾವಾಹಿ ಇತ್ತು. 1966ರಿಂದ 1971ರವರೆಗೆ 1,225 ಕಂತು. ಅಷ್ಟರಲ್ಲಿ ಒಂದೇ ಒಂದು ಕಂತಿನ ಚಿತ್ರ ಕಳೆದುಹೋಗಿದೆ, 1219ನೆಯದು. ಆದರೆ ಪ್ರಸಾರದ ಹೊತ್ತಿನಲ್ಲಿ ಯಾರೋ ಒಬ್ಬ ಅಭಿಮಾನಿ ಮನೆಯಲ್ಲಿ ಟಿವಿಯ ಸದ್ದನ್ನು ಟೇಪಿಗೆ ಹಿಡಿದಿಟ್ಟುಕೊಂಡಿದ್ದರು. ಆ ಸದ್ದಿಗೆ ಸ್ಥಿರಚಿತ್ರಗಳನ್ನು ಹೊಂದಿಸಿ ಕಂತನ್ನು ಮತ್ತೆ ಕಟ್ಟಿದರು. ಆ ಅಭಿಮಾನಿಯ ಕೈಯಲ್ಲಿ ಯಂತ್ರವಿತ್ತು, ನಮ್ಮ ಒಲೆಯ ಮುಂದಿನವರ ಹತ್ತಿರ ಕಿವಿ ಮಾತ್ರ. ಕೆಲಸ ಒಂದೇ. ಅಲ್ಲಿಯೂ ಎಲ್ಲ ಧಾರಾವಾಹಿಗಳಿಗೂ ಆ ಭಾಗ್ಯ ಬರಲಿಲ್ಲ ಎನ್ನುವುದನ್ನೂ ಹೇಳಬೇಕು. ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ, ಒಂದು ಆಯುಷ್ಯ. ಅದರ ಹಳೆಯ ಕಂತುಗಳಲ್ಲಿ ಬಹುಪಾಲು ಈಗಿಲ್ಲ. ಮೊದಮೊದಲು ನೇರ ಪ್ರಸಾರ. ಆಮೇಲೆ ಟೇಪು ಬಂದಾಗ ಅದು ದುಬಾರಿ, ಅಳಿಸಿ ಅದರ ಮೇಲೆಯೇ ಮತ್ತೊಂದನ್ನು ತುಂಬುತ್ತಿದ್ದರು. ಮಧ್ಯಾಹ್ನ ಹೆಂಗಸರು ನೋಡುವ ಕಥೆಯನ್ನು ಯಾರು ಮತ್ತೆ ಕೇಳುತ್ತಾರೆ ಎಂಬುದು ಆಗಿನವರ ಲೆಕ್ಕ. ಕೇಳುವವರು ಬಂದರು. ಹಳೆಯ ಪತ್ರಿಕೆಗಳಲ್ಲಿ ಬಂದ ಕಥಾಸಾರ, ನಟರ ಮಾತು, ತಮ್ಮ ತಾಯಂದಿರ ನೆನಪು ಇವನ್ನೆಲ್ಲ ಜೋಡಿಸಿ, ಯಾವ ಪಾತ್ರ ಯಾವ ವರ್ಷ ಸತ್ತಿತು, ಯಾವಾಗ ಬದುಕಿ ಬಂತು ಎಂದು ಸಂಬಳವಿಲ್ಲದೆ ದಶಕಗಟ್ಟಲೆ ಕೂತು ಪಟ್ಟಿ ಮಾಡಿದರು.

ನಮ್ಮ ಮೂರು ತಾಲೂಕಿಗೆ ಧಾರಾವಾಹಿಯ ಚರಿತ್ರೆ ಪೂರಾ ಅಪರಿಚಿತವೇನಲ್ಲ, ಒಂದು ವಸ್ತುಸಂಗ್ರಹಾಲಯವೇ ಇದೆ. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಮಾಡಲು ತೀರ್ಥಹಳ್ಳಿ ತಾಲೂಕಿನ ಆಗುಂಬೆಯನ್ನು ಆರಿಸಿಕೊಂಡರು. ಅಲ್ಲಿನ ದೊಡ್ಡಮನೆಯೇ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು, ಊರಿನ ನಡುವೆ ಕಥೆಯಲ್ಲಿ ಬರುವ ಫ್ರೆಡರಿಕ್ ಲಾಲಿಯ ಪ್ರತಿಮೆ ಎದ್ದಿತು, ಊರವರೇ ಗುಂಪಿನ ದೃಶ್ಯಗಳಿಗೆ ಜನವಾದರು. ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ಹೊಸನಗರ ತಾಲೂಕಿನ ಅರಸಾಳು. ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ಹಳಿಯ ಮೇಲಿನ ಪುಟ್ಟ ನಿಲ್ದಾಣ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಹಳೆಯ ಕಟ್ಟಡ ಪಾಳುಬಿದ್ದಿತ್ತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದರ ಕೆಲಸಕ್ಕೂ ಕೈಹಾಕಿದರು. ಒಳ್ಳೆಯ ಕೆಲಸ, ಹೋಗಿ ನೋಡಬೇಕಾದದ್ದು. ಶಂಕರ್ ನಾಗ್ 1990ರಲ್ಲಿ ಮೂವತ್ತೈದನೇ ವಯಸ್ಸಿನಲ್ಲಿ ತೀರಿಕೊಂಡವರು. ಅವರ ನೆನಪಿಗೆ ನಮ್ಮ ನೆಲದಲ್ಲಿ ಇಷ್ಟಾದರೂ ಆಯಿತಲ್ಲ.

ಆದರೂ ಒಂದು ಮಾತು ಒಳಗೆ ಕೊರೆಯುತ್ತದೆ. ಮಾಲ್ಗುಡಿಯ ಆ 39 ಕಂತುಗಳನ್ನು ಕಾಪಾಡಿದವರು ಬಹಳ. ಅದು ದೊಡ್ಡ ಲೇಖಕರ ಕೃತಿ, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬಂದದ್ದು, ದೇಶವೇ ನೋಡಿದ್ದು. ನಮ್ಮ ಊರುಗಳು ಅದರಲ್ಲಿ ಕಾಣಿಸಿಕೊಂಡವು, ಹಾಗಾಗಿ ನಮಗೆ ಹೆಮ್ಮೆ. ನಮ್ಮ ಮನೆಯ ಹೆಂಗಸರು ದಿನವೂ ಕೂತು ನೋಡಿದ್ದು ಬೇರೆಯವು. ಪಟದ ಮೇಲೆ ಇದ್ದವರ ಗುರುತು ಉಳಿಸಲು ಸ್ಮಾರಕವಾಯಿತು, ಪಟದ ಈಚೆ ಕೂತವರಿಗೆ ಒಂದು ಹಾಳೆಯೂ ಇಲ್ಲ. ಮಧ್ಯಾಹ್ನದ ಧಾರಾವಾಹಿಗಳೆಲ್ಲ ಮಹಾ ಕಲಾಕೃತಿಗಳೆಂದು ನಾನು ವಾದಿಸುವುದಿಲ್ಲ. ಎಷ್ಟೋ ಕಥೆಗಳು ಜಗ್ಗಿ ಜಗ್ಗಿ ಹರಿದುಹೋದವು, ಕೆಲವನ್ನು ಅವರೇ ಬೈದುಕೊಂಡು ನೋಡಿದರು. ಬೈದುಕೊಂಡು ನೋಡಿದ್ದೂ ಚರಿತ್ರೆಯೇ. ಸೊಸೆ ಕೆಲಸಕ್ಕೆ ಹೋಗಬಹುದೇ, ವಿಧವೆ ಮತ್ತೆ ಮದುವೆಯಾಗಬಹುದೇ ಎಂಬ ಪ್ರಶ್ನೆಗಳನ್ನು ಅತ್ತೆಯ ಎದುರು ನೇರ ಎತ್ತಲಾಗದಿದ್ದವರು ಧಾರಾವಾಹಿಯ ಪಾತ್ರದ ನೆಪದಲ್ಲಿ ಎತ್ತಿದರು. ಅತ್ತೆಯೂ ಪಾತ್ರಕ್ಕೇ ಉತ್ತರ ಕೊಟ್ಟರು. ಹಾಗೆ ಎಷ್ಟು ಮನೆಗಳಲ್ಲಿ ಎಷ್ಟು ವಿಷಯ ಸದ್ದಿಲ್ಲದೆ ತೀರ್ಮಾನವಾಯಿತೋ.

ಈಚೆಗೆ ‘ಮಾಯಾಮೃಗ’ದ ಹಳೆಯ ಕಂತುಗಳು ಯೂಟ್ಯೂಬಿನಲ್ಲಿ ನೋಡಲು ಸಿಗುತ್ತವೆ, 2022ರಲ್ಲಿ ‘ಮತ್ತೆ ಮಾಯಾಮೃಗ’ವೂ ಬಂತು. ಮಗಳ ಮೊಬೈಲಿನಲ್ಲಿ ಅವನ್ನು ಮತ್ತೆ ನೋಡುವವರ ಮುಖ ಗಮನಿಸಬೇಕು. ಮೊದಲು ಖುಷಿ, ಆಮೇಲೆ ಒಂದು ಬಗೆಯ ಅನುಮಾನ. “ಇಲ್ಲಿ ಇನ್ನೊಂದು ಮಾತು ಇತ್ತಲ್ಲ?” ಇರಲಿಲ್ಲ. ಅದು ಕರೆಂಟು ಹೋದ ದಿನದ ಕಂತು, ಆ ಮಾತು ಸೇರಿಸಿದ್ದು ಫೋನಿನ ಆ ಕಡೆಯ ಅತ್ತಿಗೆ. ಇಲ್ಲಿ ಯಾರು ಸರಿ ಎಂದು ಕೇಳಿದರೆ, ದಾಖಲೆಯ ಮಟ್ಟಿಗೆ ಟೇಪು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತ್ತಿಗೆ ಆ ಮಾತನ್ನೇ ಏಕೆ ಸೇರಿಸಿದರು ಎನ್ನುವುದಕ್ಕೆ ಟೇಪಿನಲ್ಲಿ ಉತ್ತರವಿಲ್ಲ. ಕಥೆಯ ಹುಡುಗಿಗೆ ಎದುರು ಮಾತಾಡುವ ಧೈರ್ಯ ಇರಬೇಕಿತ್ತು ಎಂದು 1998ರಲ್ಲಿ ಹೊಸನಗರದ ಒಂದು ಮನೆಯಲ್ಲಿ ಒಬ್ಬರಿಗೆ ಅನ್ನಿಸಿತ್ತು. ಅದನ್ನು ಬರೆದಿಡುವವರು ಬೇಕು. ಟೇಪನ್ನು ಯಾರಾದರೂ ಹುಡುಕಿಯಾರು. ಈ ಸೇರಿಸಿದ ಮಾತುಗಳು ಹೇಳುವವರ ಜೊತೆಗೇ ಹೋಗುತ್ತವೆ.

ಹೋಗುತ್ತಲೂ ಇವೆ. ಆಗ ಅರವತ್ತರ ಹತ್ತಿರವಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕೆಲವು ಮನೆಗಳಲ್ಲಿ ಬಾಡಿಗೆಗೆ ವಿಸಿಆರ್ ತಂದು ಮದುವೆ ಕ್ಯಾಸೆಟ್ ನೋಡಿದ ದಿನ, ಉಳಿದ ಟೇಪಿನಲ್ಲಿ ಯಾವುದೋ ಧಾರಾವಾಹಿಯ ತುಣುಕು ತುಂಬಿಸಿಕೊಂಡದ್ದೂ ಉಂಟು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯದೆ ಉಳಿದಿದ್ದರೆ ಪುಣ್ಯ. ಬೂಷ್ಟು ಹಿಡಿದದ್ದನ್ನು ಪ್ಲೇಯರಿಗೆ ಹಾಕಿದರೆ ಎರಡೂ ಕೆಡುತ್ತವೆ. ಮೊದಲು ತಿಳಿದವರಿಂದ ಶುಚಿ ಮಾಡಿಸಬೇಕು.

ಓದುಗರಲ್ಲಿ ಕೇಳುವುದು ಇಷ್ಟು. ಅಟ್ಟದ ಮೇಲೆ ಹಾಗೊಂದು ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ, ಅದರ ಮೇಲೆ ಬರೆದದ್ದು ಮದುವೆಯ ಹೆಸರಾದರೂ ಕೊನೆಯವರೆಗೆ ಓಡಿಸಿ ನೋಡಿ. ಹಳೆಯ ವಾರಪತ್ರಿಕೆಗಳ ಟಿವಿ ಪುಟ ಕಂಡರೆ ಹರಿಯದೆ ಇಡಿ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ, ಈ ಮಳೆಗಾಲದಲ್ಲಿ ಒಂದು ಸಂಜೆ ಹತ್ತಿರ ಕೂತು ಅವರ ಧಾರಾವಾಹಿಯ ಕಥೆಯನ್ನು ಮೊದಲಿನಿಂದ ಹೇಳಿಸಿ, ಮೊಬೈಲಿನಲ್ಲಿ ದನಿ ತುಂಬಿಸಿಕೊಳ್ಳಿ. ತಪ್ಪು ಹೇಳಿದರೆ ನಡುವೆ ತಿದ್ದಬೇಡಿ.